ಮುಷ್ಟಿ ಬಿಡಿಸಿದ ಹಾಡು

ಹೋದ ವಾರ ಪಿಂಚಣಿಯ ಕೆಲಸಕ್ಕೆ ಬ್ಯಾಂಕಿಗೆ ಹೋಗಿದ್ದೆ. ಕೈ ನಡುಗುವುದರಿಂದ ನನ್ನ ಸಹಿ ಈಗ ನನ್ನದೇ ಹಳೆಯ ಸಹಿಗೆ ಹೊಂದುವುದಿಲ್ಲ. ನಾಲ್ಕು ಸಲ ಬರೆದೆ, ನಾಲ್ಕೂ ಬೇರೆ ಬೇರೆ. ಗಾಜಿನಾಚೆ ಕೂತಿದ್ದ ಹುಡುಗಿ, "ಹೆಬ್ಬಟ್ಟ ಒತ್ತಿಬಿಡ್ರಿ ಅಜ್ಜಾರ, ಯಾಕ ಸುಮ್ನ ತ್ರಾಸ ತಗೋತೀರಿ" ಎಂದು ಶಾಯಿಯ ಡಬ್ಬಿ ತೆರೆದು ನನ್ನ ಮುಂದೆ ಸರಿಸಿದಳು. ಇಡೀ ಆಯುಷ್ಯ ಮಕ್ಕಳಿಗೆ ಅಕ್ಷರ ತಿದ್ದಿಸಿದ ಮಾಸ್ತರ ಹೆಬ್ಬೆಟ್ಟು ಒತ್ತುವುದೆಂದರೆ ನಾಚಿಕೆ ಇದ್ದೇ ಇರುತ್ತದೆ. ಆದರೆ ನನ್ನನ್ನು ಅಲ್ಲಿಂದ ಎಬ್ಬಿಸಿದ್ದು ಆ ಡಬ್ಬಿಯ ವಾಸನೆ. ಒದ್ದೆ ಬಟ್ಟೆಯ ಮುಗ್ಗಲು, ಮೇಲೆ ಏನೋ ಔಷಧದ ಘಾಟು. ಕೆಲಸ ಅಲ್ಲಿಗೇ ಬಿಟ್ಟು ಹೊರಗೆ ಬಂದು ಗಟಾರದ ಬಾಜು ನಿಂತು ಉಗುಳಿದೆ. ಬಾಯಿ ಸ್ವಚ್ಛ ಆಗಲಿಲ್ಲ.

ಆ ವಾಸನೆ ನನಗೆ ಹತ್ತಿದ ಊರಿನ ಹೆಸರು ಬರೆಯುವುದಿಲ್ಲ, ಬರೆಯಲು ಮನಸ್ಸಿಲ್ಲ. ಶಲವಡಿಯಿಂದ ಆಚೆ, ಎರೆಹೊಲಗಳ ನಡುವೆ ಇತ್ತು, ನವಲಗುಂದದಿಂದ ದಿನಕ್ಕೆ ಎರಡು ಬಸ್ಸು ಬರುತ್ತಿದ್ದವು ಅಂದರೆ ಸಾಕು. ಎಂಬತ್ತರ ದಶಕದ ನಡುಮಧ್ಯ. ನಾನು ಹುಬ್ಬಳ್ಳಿಯ ಓಣಿಯಲ್ಲಿ ಬೆಳೆದವನು, ಮೊದಲ ನೌಕರಿ. ದೀಪಾವಳಿ ಸೂಟಿ ಮುಗಿದ ಮೇಲೆ ಅಲ್ಲಿಯ ಕನ್ನಡ ಶಾಲೆಗೆ ಹಾಜರಾದೆ. ಊರಿನ ಸ್ಥಿತಿವಂತ ರೈತ ಈರಣ್ಣ ತನ್ನ ಮನೆಯ ಅಂಗಳಕ್ಕೆ ಹೊಂದಿದ ಖೋಲಿಯನ್ನು ನನಗೆ ಬಾಡಿಗೆಗೆ ಕೊಟ್ಟ.

ನನ್ನ ಸ್ವಭಾವ ಮೊದಲೇ ಹೇಳಿಬಿಡಬೇಕು. ನನಗೆ ಹೇಸಿಗೆ ಬೇಗ ಬರುತ್ತದೆ. ಎದುರು ಕೂತವರು ಸೊರ್ ಸೊರ್ ಎಂದು ಚಹಾ ಕುಡಿದರೆ ನಾನು ಎದ್ದು ಹೋಗುವವನು. ಅಂಥವನಿಗೆ ಆ ಅಂಗಳದಲ್ಲಿ ಮೊದಲ ದಿನವೇ ಕಂಡದ್ದು ಬೇವಿನ ಮರಕ್ಕೆ ಎತ್ತಿನ ಹಗ್ಗದಿಂದ ಕಟ್ಟಿಹಾಕಿದ ಒಬ್ಬ ಮುದುಕ. ಈರಣ್ಣನ ಅಪ್ಪ, ಫಕ್ಕೀರಪ್ಪಜ್ಜ. ಹಗ್ಗ ಸೊಂಟಕ್ಕಿತ್ತು. ಧೋತರ ಒದ್ದೆ, ಗಲ್ಲದ ಮೇಲೆ ಜೊಲ್ಲು, ಅದರ ಮೇಲೆ ನೊಣ. ಮುದುಕ ಬೆಳಗಿನಿಂದ ಮರದ ಸುತ್ತ ಸುತ್ತುತ್ತಿದ್ದ. ಸುತ್ತಿದಷ್ಟೂ ಹಗ್ಗ ಮರಕ್ಕೆ ಸುತ್ತಿಕೊಂಡು ಗಿಡ್ಡಾಗಿ, ಕೊನೆಗೆ ಅವನ ಹೊಟ್ಟೆ ಬೊಡ್ಡೆಗೆ ಹತ್ತುತ್ತಿತ್ತು. ಆಗ ಮನೆಯ ಯಾರಾದರೂ ಬಂದು ಭುಜ ಹಿಡಿದು ತಿರುವಿ ನಿಲ್ಲಿಸಬೇಕು, ಅವನು ಹಗ್ಗ ಬಿಚ್ಚುತ್ತ ಹಿಂದಕ್ಕೆ ಸುತ್ತಬೇಕು.

"ಬಿಟ್ರ ಹೊಲದ ಕಡೆ ಹೊಂಟುಬಿಡ್ತಾನ್ರಿ" ಎಂದ ಈರಣ್ಣ. "ಎರಡು ಸಲ ಬಾವ್ಯಾಗ ಬೀಳೂದ ತಪ್ಪೇತಿ. ಅರಳುಮರಳು. ಮಕ್ಕಳ ಗುರ್ತ ಹತ್ತೂದಿಲ್ಲ, ಉಂಡದ್ದು ಗೊತ್ತಾಗೂದಿಲ್ಲ. ನೀವು ಆ ಕಡೆ ನೋಡಬ್ಯಾಡ್ರಿ ಮಾಸ್ತರ್ರ."

ನಾನು ನೋಡಲಿಲ್ಲ. ಖೋಲಿಯ ಆ ಕಡೆಯ ಕಿಟಕಿ ಮುಚ್ಚಿ, ಬಾಗಿಲಿನ ಕೆಳಗೆ ಗೋಣಿತಾಟು ತುರುಕಿದೆ. ಕಟ್ಟಿದವನ ಮೇಲೆ ಬರಬೇಕಾಗಿದ್ದ ಹೇಸಿಗೆ ಕಟ್ಟಿಸಿಕೊಂಡವನ ಮೇಲೆ ಬಂತು. ಆಗ ನನಗೆ ಇಪ್ಪತ್ತನಾಲ್ಕು.

ಮುದುಕನ ಸೇವೆ ಮಾಡುತ್ತಿದ್ದವಳು ಮಗಳು ನೀಲವ್ವ. ನಲವತ್ತರ ಆಚೀಚೆ ಇರಬೇಕು. ಮದುವೆಯಾಗಿ ಆರು ವರ್ಷಕ್ಕೆ ಗಂಡ ತೀರಿಕೊಂಡು ತವರಿಗೆ ಬಂದವಳು, ಬಂದ ದಿನದಿಂದ ಆ ಮನೆಯ ರೊಟ್ಟಿ, ಸಗಣಿ, ನೀರು ಎಲ್ಲ ಅವಳ ಪಾಲಿಗೆ. ಈರಣ್ಣನ ಹೆಂಡತಿ ಮಾವನ ಹತ್ತಿರ ಸುಳಿಯುತ್ತಿರಲಿಲ್ಲ. ನೀಲವ್ವ ತುತ್ತು ಮಾಡಿ ಬಾಯಿಗಿಟ್ಟರೆ ಮುದುಕ ಅವಳ ಮೇಲೆಯೇ ಉಗುಳುತ್ತಿದ್ದ. ಸೆರಗಿನಿಂದ ಮುಖ ಒರೆಸಿಕೊಂಡು ಮತ್ತೆ ತುತ್ತು ಮಾಡುತ್ತಿದ್ದಳು.

ಎಲ್ಲಕ್ಕಿಂತ ಕೆಟ್ಟದ್ದು ಅವನ ಬಲಗೈ. ಹೆಬ್ಬೆರಳು ಒಳಗೆ ಹಾಕಿ ಬಿಗಿದ ಮುಷ್ಟಿ, ಹಗಲೂ ರಾತ್ರಿ ಬಿಡುತ್ತಿರಲಿಲ್ಲ. ಒಳಗೆ ಬೆವರು, ಅನ್ನ, ಹೊಲಸು ಕೊಳೆತು, ಗಾಳಿ ನನ್ನ ಕಡೆ ತಿರುಗಿದರೆ ಹುಳಿನಾತ ಬರುತ್ತಿತ್ತು. ಒಂದು ದಿನ ತಡೆಯಲಾರದೆ ಕೇಳಿದೆ, ಆ ಕೈಯನ್ನಾದರೂ ತೊಳೆಯಬಾರದೇ ಎಂದು.

"ಬಿಡಿಸಿದ್ರ ತೊಳೀತೀನ್ರಿ" ಎಂದಳು ನೀಲವ್ವ. "ಹೋದ ಸೀಗಿ ಹುಣ್ಣಿವಿ ಮುಂದ ಅಣ್ಣ ಹೊಲಾ ಪಾಲ ಮಾಡೂ ವಾಟ್ನಿ ಕಾಗದ ತಂದಿದ್ದ. ಹೊಲ ಎಲ್ಲಾ ಅಣ್ಣಾ ತಮ್ಮಾ ಇಬ್ಬರ ಹೆಸರಿಗೆ. ಹಳ್ಳದ ಬಾಜುಕಿನ ಎರಡೆಕರೆ ನೀಲಿದು ಅಂತ ನಮ್ಮಪ್ಪ ಶಾಣ್ಯಾ ಇದ್ದಾಗ ನಾಕು ಹಿರ್ಯಾರ ಮುಂದ ಹೇಳಿದ್ದ್ರಿ. ಬರದು ಕೊಟ್ಟಿರಲಿಲ್ಲ. ಕಾಗದ ಕಂಡಾಂವನ ಹಿಂಗ ಮುಷ್ಟಿ ಹಿಡದ. ಮೂರು ಮಂದಿ ಹಿಡದ ಜಗ್ಗಿದ್ರೂ ಬಿಡಲಿಲ್ಲ. ಹೆಂಡ್ತಿ ಹೆಸರು ಮರತಾನ, ನನ್ನ ಮರತಾನ. ಅದೊಂದು ಮಾತ್ರ ಮರತಿಲ್ಲ."

ಆ ಎರಡು ಎಕರೆ ಇದ್ದರೆ ಅಪ್ಪ ಸತ್ತ ಮೇಲೆ ಅವಳು ಯಾರ ಬಾಗಿಲಿಗೂ ನಿಲ್ಲಬೇಕಾಗಿರಲಿಲ್ಲ. ಅಷ್ಟೇ ಅವಳ ಆಸೆ, ಅದನ್ನು ಅವಳು ಮುಚ್ಚಿಡಲೂ ಇಲ್ಲ.

ಸುಗ್ಗಿ ಬಂತು. ಬಿಳಿಜೋಳದ ಹೊಲ ಕೊಯ್ಲಾಗಿ ಎರೆ ಮಣ್ಣು ಬಿರಿದು, ಬಿಸಿಲು ಏರಿತು. ಆ ಸೀಮೆಯಲ್ಲಿ ಅಲ್ಲಿಯವರೆಗೂ ಹಂತಿ ಕಟ್ಟಿ ರಾಶಿ ಮಾಡುತ್ತಿದ್ದರು. ಕಣದ ನಡುವೆ ಮೇಟಿ ಎನ್ನುವ ಕಂಬ ನೆಟ್ಟು, ತೆನೆ ಹರವಿ, ಎತ್ತುಗಳನ್ನು ಒಂದರ ಬಾಜು ಒಂದು ಕಟ್ಟಿ ಅದರ ಸುತ್ತ ತುಳಿಸುವುದು. ಎತ್ತು ಹೊಡೆಯುವವನು ಹಾಡಿನ ಒಂದು ಸಾಲು ಎತ್ತಿ ನಿಲ್ಲಿಸುತ್ತಾನೆ, ಹಿಂದಿನವರು ಅದನ್ನು ಎತ್ತಿಕೊಂಡು ಮುಗಿಸುತ್ತಾರೆ. ಆ ಸುಗ್ಗಿಯಲ್ಲಿ ಮಾತ್ರ ಈರಣ್ಣ ತೆನೆಯನ್ನೆಲ್ಲ ತಂದು ಡಾಂಬರು ರಸ್ತೆಗೆ ಸುರುವಿದ. ನವಲಗುಂದದ ಬಸ್ಸು, ಅವರಿವರ ಟ್ರ್ಯಾಕ್ಟರು ಅದರ ಮೇಲೆ ಹಾದು ಕಾಳು ಉದುರಿಸಿದವು. ಒಬ್ಬ ಮಾಡಿದ್ದನ್ನು ಊರೆಲ್ಲ ಮಾಡಿತು. ಕಣಗಳು ಖಾಲಿ ಉಳಿದವು.

ಒಂದು ಐತವಾರ ಮಧ್ಯಾಹ್ನ ಪೇಪರು ಓದುತ್ತ ಕೂತಿದ್ದೆ. ಹೊರಗೆ ಮುದುಕ ಎಂದಿನಂತೆ ಗೊಣಗುತ್ತಿದ್ದ. ಅದೇ ಗೊಣಗಾಟ ಮೂರ್ನಾಲ್ಕು ತಿಂಗಳಿಂದ ಕೇಳಿ ಕೇಳಿ ನನ್ನ ಕಿವಿ ಕಿವುಡಾಗಿತ್ತು. ಅಂದು ಯಾಕೋ ಲಕ್ಷ್ಯ ಹೋಯಿತು. ಅವನು ಅರ್ಧ ಸಾಲು ಕೂಗುತ್ತಿದ್ದ, ನಿಲ್ಲುತ್ತಿದ್ದ, ಕಾಯುತ್ತಿದ್ದ. ಮತ್ತೆ ಅದೇ ಅರ್ಧ ಸಾಲು.

"ಸುತ್ತಿ ಬಾರೋ ಹಂಡ್ಯಾ..."

ಜೋಳ ಹಸನು ಮಾಡುತ್ತಿದ್ದ ನೀಲವ್ವನನ್ನು ಕೇಳಿದೆ, "ಅಜ್ಜ ಏನು ಕೇಳ್ತಾರ?"

"ಏನ ಕೇಳ್ತಾನ್ರಿ, ಹಂಡ್ಯಾ ಅನ್ನೂ ಎತ್ತ ಕಟ್ಟಿ ಹಂತಿ ಹೊಡ್ಯಾಕತ್ತಾನ. ಹಿಂದಿನವರು ಎತ್ಕೊಳ್ಲಿ ಅಂತ ನಿಂತಾನ. ಹಿಂದ ಯಾರದಾರ?"

ಆಗ ನನಗೆ ಬೇವಿನ ಮರದ ಸುತ್ತಾಟ ತಿಳಿಯಿತು. ಅವನ ಲೆಕ್ಕದಲ್ಲಿ ಅದು ಮರವಲ್ಲ, ಮೇಟಿ. ನಾವು ಅವನನ್ನು ಮೇಟಿಗೇ ಕಟ್ಟಿದ್ದೆವು.

"ನೀವ ಎತ್ಕೋರಿ" ಎಂದೆ.

ಅವಳು ಬಾಯಿಗೆ ಸೆರಗು ಹಚ್ಚಿ ನಕ್ಕಳು. "ಹಂತಿ ಗಂಡಸರ ಹಾಡ್ರಿ. ಕಣದಾಗ ಹೆಂಗಸು ಬಾಯಿ ತೆಗೆದ್ರ ರಾಶಿ ಹುಲುಸಾಗೂದಿಲ್ಲಂತ. ನಾ ಸಣ್ಣಾಕಿದ್ದಾಗಿಂದ ಬುತ್ತಿ ಒಯ್ದು ದೂರ ನಿಂತ ಕೇಳೀನಿ. ಎಲ್ಲಾ ಬರ್ತೈತಿ. ಹಾಡಿಲ್ಲ."

"ಇದು ಕಣ ಅಲ್ಲಲ್ಲ. ರಾಶಿ ರಸ್ತೆ ಮ್ಯಾಲೈತಿ."

ಅವಳು ಮೊರ ಕೆಳಗಿಟ್ಟು ಎದ್ದಳು. ಆಮೇಲೆ ಅಂಗಳದ ಬಾಗಿಲು ಮುಂದೆ ಮಾಡಿ ಬಂದು, ಗೋಡೆಗೆ ಮುಖ ಮಾಡಿ, ಕಣ್ಣು ಗಟ್ಟಿಯಾಗಿ ಮುಚ್ಚಿಕೊಂಡಳು. ಯಾರೂ ನೋಡುತ್ತಿಲ್ಲ ಎಂದು ತನಗೆ ತಾನು ಹೇಳಿಕೊಳ್ಳುವ ರೀತಿ ಅದು. ಮುದುಕ ಕೂಗಿ ನಿಲ್ಲಿಸಿದ. ಅವಳು ಎತ್ತಿಕೊಂಡಳು:

"...ಮೇಟಿ ನಿಂದು, ರಾಶಿ ನಮ್ಮದು."

ಫಕ್ಕೀರಪ್ಪಜ್ಜನ ತಲೆ ಎದ್ದಿತು. ಇಷ್ಟು ತಡ ಮಾಡಿದರಲ್ಲ ಎಂಬ ಸಿಟ್ಟಿನಿಂದ ಒಮ್ಮೆ ಹೊರಳಿ ನೋಡಿ, ಎರಡನೆಯ ಸಾಲು ಎತ್ತಿದ. ಗೊಣಗಾಟ ಎಲ್ಲಿಗೆ ಹೋಯಿತೋ, ತುಂಬಿದ ದನಿ. ಅವನು ಎಳೆದರೆ ಅವಳು ಕಾದಳು, ಅವನು ಉಸಿರು ತಪ್ಪಿದರೆ ಅವಳು ಬೇಗ ಬಂದು ಹಿಡಿದಳು. ಹತ್ತಿಪ್ಪತ್ತು ಸಾಲು ಆಗಿರಬೇಕು. ಎತ್ತುಗಳ ಮೈ ಸವರುವ ಹಾಗೆ ಅವನ ಬಲಗೈ ಗಾಳಿಯಲ್ಲಿ ಚಾಚಿತು. ಬೆರಳು ಬಿಚ್ಚಿಕೊಂಡಿದ್ದವು.

ನೀಲವ್ವ ಹಾಡು ಬಿಡದೆ ಬಿಸಿನೀರು ತಂದು ಆ ಕೈ ತೊಳೆದಳು. ಉಗುರು ಅಂಗೈಯೊಳಗೆ ಹೊಕ್ಕು ನಾಲ್ಕು ಗಾಯ ಮಾಡಿದ್ದವು, ಬೆರಳ ಸಂದಿಯ ಚರ್ಮ ಬೆಳ್ಳಗೆ ಕೊಳೆತಿತ್ತು. ನಾನು ಎದ್ದು ಹೋಗಲಿಲ್ಲ, ಬ್ಲೇಡು ತಂದು ಉಗುರು ತೆಗೆದೆ. ಆಮೇಲೆ ಮುದುಕ ಒಂದು ರೊಟ್ಟಿ ತಾನೇ ಮುರಿದು ತಿಂದ. ಅವಳ ಕಡೆ ನೋಡಿ, "ಎತ್ತಿಗಿ ನೀರ ಕುಡಿಸಿದ್ಯಾ ತಮ್ಮಾ?" ಎಂದು ಕೇಳಿದ.

"ಕುಡಿಸೀನಿ" ಎಂದಳು ನೀಲವ್ವ. ನನ್ನ ಕಡೆ ತಿರುಗಿ, "ನನ್ನ ಗಂಡಸು ಮಾಡಿಬಿಟ್ಟ ನೋಡ್ರಿ" ಎಂದಳು. ಅವಳು ಅಷ್ಟು ನಕ್ಕದ್ದನ್ನು ನಾನು ನೋಡಿರಲಿಲ್ಲ.

ಮುಂದೆ ಒಂದು ತಿಂಗಳು ಶಾಲೆ ಬಿಟ್ಟ ಮೇಲೆ ದಿನಾ ಹಂತಿ. ಹಾಡುವಾಗ ಹಗ್ಗ ಬಿಚ್ಚುತ್ತಿದ್ದೆವು. ಬಿಚ್ಚಿದರೂ ಮುದುಕ ಮರ ಬಿಟ್ಟು ಹೋಗುತ್ತಿರಲಿಲ್ಲ. ಜಳಕ, ಊಟ, ಕ್ಷೌರ ಎಲ್ಲ ಆ ಹೊತ್ತಿನಲ್ಲೇ. ನನಗೆ ಹಾಡು ಬರುವುದಿಲ್ಲ. ಗೋದಲಿಯ ಮೇಲೆ ತೂಗುಹಾಕಿದ್ದ ಎತ್ತಿನ ಗೆಜ್ಜೆಸರ ನನ್ನ ಪಾಲಿಗೆ ಬಂತು, ಎತ್ತಿನ ಹೆಜ್ಜೆಗೆ ಸರಿಯಾಗಿ ಅದನ್ನು ಅಲುಗಿಸಬೇಕು. ಗೆಜ್ಜೆ ತಪ್ಪಿದರೆ ಮುದುಕನ ಹುಬ್ಬು ಗಂಟಾಗುತ್ತಿತ್ತು, ಬೆರಳು ಒಳಗೆ ಮಡಚಿಕೊಳ್ಳುತ್ತಿದ್ದವು. ಮತ್ತೆ ಸರಿ ಹಿಡಿದರೆ ಬಿಚ್ಚಿಕೊಳ್ಳುತ್ತಿದ್ದವು. ಇದನ್ನು ಕಂಡುಹಿಡಿದವನು ನಾನು ಎಂದು ನನಗೆ ಬಹಳ ಹೆಮ್ಮೆ. ಚಾದಂಗಡಿಯಲ್ಲಿ ಕೂತು ನಾಲ್ಕು ಮಂದಿಯ ಮುಂದೆ ಕೊಚ್ಚಿಕೊಂಡೆ: "ಮೂರು ಮಂದಿ ಜಗ್ಗಿದ್ರ ಬಿಡದ ಮುಷ್ಟಿ ಹಾಡಿಗಿ ಹೂವಿನಂಗ ಬಿಡತೈತಿ." ಆ ನಾಲ್ಕು ಮಂದಿಯಲ್ಲಿ ಈರಣ್ಣನೂ ಇದ್ದ. ಅಂದು ನನ್ನ ಚಹಾದ ರೊಕ್ಕ ಅವನೇ ಕೊಟ್ಟ.

ಮೊದಲು ಅವನಿಗೆ ತಂಗಿಯ ಹಾಡಿನಿಂದ ಅಪಮಾನ. ಗಂಡ ಸತ್ತಾಕಿ ಗಂಡಸರಂಗ ಹಂತಿ ಒದರತಾಳ ಅಂತ ಓಣಿಯ ಮಂದಿ ಆಡಿಕೊಳ್ಳುತ್ತಿದ್ದರು. ನವಲಗುಂದದಲ್ಲಿ ನೌಕರಿಯಲ್ಲಿದ್ದ ತಮ್ಮನಿಂದ ಟೇಪ್ ರೆಕಾರ್ಡರು ತಂದ. ಒಳಖೋಲಿಯಲ್ಲಿ ನೀಲವ್ವನಿಂದ ಹಾಡಿಸಿ ತುಂಬಿಸಿಕೊಂಡು, ಇನ್ನು ಅವಳು ಅಂಗಳಕ್ಕೆ ಬರುವುದು ಬೇಡ ಎಂದ. ಕಟ್ಟೆಯ ಮೇಲೆ ಟೇಪು ಇಟ್ಟು ಗುಂಡಿ ಒತ್ತಿದ. ಮುದುಕ ಮೊದಲ ಸಾಲು ಕೂಗಿದ, ಟೇಪು ಸರಿಯಾಗಿಯೇ ಎತ್ತಿಕೊಂಡಿತು. ಎರಡನೆಯ ಸಾಲಿಗೆ ಅವನಿಗೆ ಹುಮ್ಮಸ್ಸು ಬಂದು ಹಂಡೆತ್ತನ್ನು ಹೊಗಳುತ್ತ ಉದ್ದಕ್ಕೆ ಎಳೆದ. ಟೇಪು ನಡುವೆ ಬಾಯಿ ಹಾಕಿತು. ಅವನು ನಿಲ್ಲಿಸಿದ. ಟೇಪು ನಿಲ್ಲಿಸಲಿಲ್ಲ.

"ಹಿಂದಿನಾಂವ ಯಾಂವಲೇ ಅಂವಾ?" ಎಂದ ಮುದುಕ. "ಕುಡದ ಬಂದೀಯೇನು? ಎತ್ತಿನ ಕಾಲಾಗ ಹಾಡ ಹಾಕ್ತೀಯಲ್ಲೋ."

ಟೇಪು ಅದಕ್ಕೂ ಅದೇ ಉತ್ತರ ಕೊಟ್ಟಿತು. ಮುದುಕ ಹೋಗಿ ಒದ್ದ. ಟೇಪು ಗೋದಲಿಗೆ ಬಿದ್ದು ಮೇವಿನ ನಡುವೆ ಹಾಡುತ್ತ ಉಳಿಯಿತು, ಮುಷ್ಟಿ ಮೊದಲಿಗಿಂತ ಬಿಗಿಯಾಯಿತು, ಎರಡು ದಿನ ಅಜ್ಜ ಉಣ್ಣಲಿಲ್ಲ.

"ಹಾಡು ಅದ, ದನಿ ಅದ. ಇವಗೇನ ಬ್ಯಾನಿ?" ಎಂದ ಈರಣ್ಣ.

"ಅದು ಕಾಯೂದಿಲ್ಲೋ ಅಣ್ಣಾ" ಎಂದಳು ನೀಲವ್ವ.

ಈಗ ಆಸ್ಪತ್ರೆಗಳಲ್ಲಿ ಇಂಥ ಮರೆವಿನವರ ಎದುರು ಹಾಡುವವರನ್ನು ಕರೆಸಿ ಕೂಡಿಸುತ್ತಾರಂತೆ, ಒಳ್ಳೆಯದಾಗುತ್ತದಂತೆ. ಪೇಪರಿನಲ್ಲಿ ಓದಿದೆ. ಆಗುವುದು ಖರೆ, ನಾನು ಕಂಡವನು. ಆದರೆ ಅದನ್ನು ಓದಿ ಮುಗಿಸಲು ನನ್ನಿಂದ ಆಗಲಿಲ್ಲ.

ಯುಗಾದಿ ಮುಗಿದ ಮೇಲಿನ ಮಾತು. ಈರಣ್ಣ ಒಮ್ಮೆಲೇ ಮೆತ್ತಗಾದ. "ತಂಗಿ, ನೀನ ಹಾಡು. ಮಂದಿ ಬಾಯಿ ಮುಚ್ಚಾಕ ಆಗತೈತೇನು? ಐತವಾರ ಹಿರ್ಯಾರನ್ನ ಕರೀತೀನಿ. ಅಪ್ಪನ ಹಾಡು ಅವ್ರೂ ಒಮ್ಮೆ ಕೇಳ್ಲಿ" ಎಂದ. ನೀಲವ್ವನಿಗೆ ನಂಬಲಿಕ್ಕೇ ಆಗಲಿಲ್ಲ. ಅಣ್ಣ ಒಪ್ಪಿದ ಎಂದು ನನಗೆ ಎರಡು ಸಲ ಹೇಳಿದಳು. ಐತವಾರ ನಸುಕಿನಲ್ಲೆದ್ದು ಅಂಗಳಕ್ಕೆ ಕಣಕ್ಕೆ ಬಳಿದ ಹಾಗೆ ಸಗಣಿ ಬಳಿದಳು. ಹೋಳಿಗೆ ಮಾಡಿದಳು. ಅಪ್ಪನಿಗೆ ಬಿಳಿ ಧೋತರ ಉಡಿಸಿದಳು.

ಬೆಳಗಿನ ಹತ್ತಕ್ಕೆ ನವಲಗುಂದದ ಜಮಖಾನ ಹಾಸಿ ನಾಲ್ಕು ಹಿರಿಯರು ಕೂತರು. ಹಿಂದೆ ಎರಡೆಕರೆಯ ಮಾತು ಕೇಳಿದ್ದ ಅದೇ ನಾಲ್ವರು. ಅವರ ಹಿಂದೆ ಬಗಲಚೀಲದವನೊಬ್ಬ, ಕಾಗದಪತ್ರ ಬರೆಯುವವನು, "ಚಾ ಕುಡ್ಯಾಕ ಬಂದೀನ್ರಿ" ಎನ್ನುತ್ತ ಕೂತ. ನೀಲವ್ವ ಎಂದಿನಂತೆ ಗೋಡೆಗೆ ಮುಖ ಮಾಡಿ ಕಣ್ಣು ಮುಚ್ಚಿದಳು. ನಾನು ಗೆಜ್ಜೆಸರ ಹಿಡಿದೆ. ಮುದುಕ ಅಂದು ಹಾಡಿದ ಹಾಗೆ ಎಂದೂ ಹಾಡಿರಲಿಲ್ಲ. ಹಿರಿಯನೊಬ್ಬ ಕಣ್ಣೊರೆಸಿಕೊಂಡ. ನಾಲ್ಕು ಸುತ್ತು ಆದ ಮೇಲೆ ಈರಣ್ಣ ಅಪ್ಪನ ಭುಜ ಹಿಡಿದು ಮೆಲ್ಲಗೆ ಜಮಖಾನದ ಮೇಲೆ ಕೂಡಿಸಿಕೊಂಡ. ಹಾಡು ನಡೆದೇ ಇತ್ತು. ಬಿಡಿಸಿದ ಬಲಗೈಯನ್ನು ತನ್ನ ತೊಡೆಯ ಮೇಲೆ ಇಟ್ಟುಕೊಂಡು ಸವರಿದ. ಮಗನಿಗೂ ಮನಸ್ಸು ಕರಗಿತು ಎಂದುಕೊಂಡೆ.

ಡಬ್ಬಿ ಟಕ್ಕೆಂದು ತೆರೆಯಿತು. ಆ ವಾಸನೆ ಬಂತು.

ಈರಣ್ಣ ನನ್ನನ್ನೇ ನೋಡುತ್ತಿದ್ದ. ನಾನೂ ಅವನನ್ನು ನೋಡಿದೆ. ಗೆಜ್ಜೆ ಒಂದು ಹೆಜ್ಜೆ ತಪ್ಪಿಸಿದ್ದರೆ ಸಾಕಾಗಿತ್ತು, ಆ ಮುಷ್ಟಿ ಮುಚ್ಚಿಬಿಡುತ್ತಿತ್ತು. ಅದು ನನ್ನಷ್ಟು ಚಲೋ ಯಾರಿಗೂ ಗೊತ್ತಿರಲಿಲ್ಲ. ಹಾಡಿನ ನಡುವೆ ನಿಲ್ಲಿಸಿದರೆ ಅಜ್ಜ ಗಾಬರಿಯಾಗುತ್ತಾನೆ, ಹಿರಿಯರ ಮುಂದೆ ರಾಡಿಯಾಗುತ್ತದೆ, ಬೇರೆಯವರ ಮನೆತನದ ಮಾತು ನನಗೇಕೆ, ಹೀಗೆ ಏನೇನೋ ತಲೆಯಲ್ಲಿ ಬಂತು. ಕೈ ಮಾತ್ರ ಅಲುಗಿಸುತ್ತಲೇ ಇತ್ತು, ಅಗದಿ ಸರಿಯಾಗಿ, ಹೆಜ್ಜೆಗೆ ಹೆಜ್ಜೆ. ಹೆಬ್ಬೆರಳು ಡಬ್ಬಿಗೆ ಹೋಯಿತು, ಕಾಗದಕ್ಕೆ ಬಂತು, ಮತ್ತೆ ಡಬ್ಬಿಗೆ, ಮತ್ತೆ ಕಾಗದಕ್ಕೆ. ಫಕ್ಕೀರಪ್ಪಜ್ಜ ಆಕಾಶ ನೋಡುತ್ತ ಹಂಡೆತ್ತನ್ನು ಹೊಗಳುತ್ತಿದ್ದ. ಕಣ್ಣೊರೆಸಿಕೊಂಡಿದ್ದ ಹಿರಿಯ ಅದೇ ಕೈಯಿಂದ ಪಂಚನಾಗಿ ಸಹಿ ಮಾಡಿದ. ಆಮೇಲೆ ಎಲ್ಲರೂ ನೀಲವ್ವನ ಕೈಯ ಹೋಳಿಗೆ ಉಂಡರು, ತುಪ್ಪ ಕೇಳಿ ಹಾಕಿಸಿಕೊಂಡರು. ನಾನೂ ಒಂದು ತಿಂದೆ.

ಇಳಿಹೊತ್ತಿನಲ್ಲಿ ಅವಳು ಅಪ್ಪನ ಕೈ ತೊಳೆಯಲು ಕೂತಳು. ಹೆಬ್ಬೆರಳು ನೇರಳೆ ಬಣ್ಣಕ್ಕಿತ್ತು.

"ಇದೇನ್ರಿ ಮಾಸ್ತರ್ರ, ಬಣ್ಣ?"

"ಶಾಯಿ ಇರಬೇಕು" ಎಂದೆ, ಬೇರೆ ಕಡೆ ನೋಡುತ್ತ.

ಅವಳು ತಂಬಿಗೆ ಕೆಳಗಿಟ್ಟಳು. ಬಹಳ ಹೊತ್ತು ಆ ಬೆರಳು ಹಿಡಿದು ಕೂತಳು. ಆಮೇಲೆ ಬೂದಿ ಹಚ್ಚಿ ತಿಕ್ಕಿದಳು, ಹುಣಸೆಹಣ್ಣು ಹಚ್ಚಿ ತಿಕ್ಕಿದಳು. ಅದು ಹೋಗಲಿಲ್ಲ. "ಮೂರು ಮಂದಿ ಜಗ್ಗಿದ್ರ ಬಿಡದಾಂವ. ನಾನ ಬಿಡಿಸಿಕೊಟ್ಟೆ" ಎಂದಳು. ಅಳಲಿಲ್ಲ.

ಮರುದಿನ ಮರಕ್ಕೆ ಹಗ್ಗ ಮತ್ತೆ ಬಂತು. ಅಂಗಳದಲ್ಲಿ ಇನ್ನು ಗದ್ದಲ ಸಾಕು, ಮಂದಿ ನಗುತ್ತಾರೆ ಎಂದ ಈರಣ್ಣ. ಅವನಿಗೆ ಇನ್ನು ಆ ಮುಷ್ಟಿಯಿಂದ ಆಗಬೇಕಾದದ್ದೇನೂ ಇರಲಿಲ್ಲ. ನೀಲವ್ವ ಅವನ ಎದುರಿಗೇ ಹಗ್ಗ ಬಿಚ್ಚಿ ಹಾಡಿಗೆ ನಿಂತಳು. ಈ ಸಲ ಗೋಡೆಗೆ ಮುಖ ಮಾಡಲಿಲ್ಲ, ಕಣ್ಣು ಮುಚ್ಚಲಿಲ್ಲ. "ಹೊಲ ಹೋತು. ಅಂವಾ ಉಣಬೇಕಲ್ಲ" ಎಂದಳು. ಈರಣ್ಣ ಒಳಗೆ ಹೋದ. ಅವಳು ಗೆಜ್ಜೆಸರ ತಂದು ನನ್ನ ಮುಂದೆ ಇಟ್ಟಳು. ತಲೆನೋವು ಎಂದು ಹೇಳಿ ನಾನು ಖೋಲಿಗೆ ಹೋಗಿ ಕಿಟಕಿ ಮುಚ್ಚಿದೆ. ಗೆಜ್ಜೆಯಿಲ್ಲದ ಹಾಡು ಕೇಳುತ್ತಿತ್ತು. ಈರಣ್ಣನನ್ನು ಬಯ್ದೆ, ಹಿರಿಯರನ್ನು ಬಯ್ದೆ, ಆ ಬಗಲಚೀಲದವನಿಗೆ ಹಿಡಿಶಾಪ ಹಾಕಿದೆ. ಎಲ್ಲ ಹಾಸಿಗೆಯ ಮೇಲೆ ಮಲಗಿ, ಬಾಯೊಳಗೇ.

ಬೇಸಿಗೆ ಸೂಟಿಯಲ್ಲಿ ಓಡಾಡಿ ಬೇರೆ ಊರಿಗೆ ಬದಲಿ ಮಾಡಿಸಿಕೊಂಡೆ. ಸಾಮಾನು ಒಯ್ಯಲು ಬಂದ ದಿನ ಮುದುಕ ಮರದ ನೆರಳಲ್ಲಿ ಹಗ್ಗವಿಲ್ಲದೆ ಕೂತಿದ್ದ, ಅಂಗೈ ತೆರೆದಿತ್ತು. ಬೆರಳ ಬಣ್ಣ ಹೋಗಿತ್ತು. ನೀಲವ್ವ ನನ್ನ ಟ್ರಂಕು ತಲೆಯ ಮೇಲೆ ಹೊತ್ತು ಬಸ್ಸಿನ ಕಟ್ಟೆಯವರೆಗೆ ಬಂದಳು. ಬೇಡವೆಂದರೂ ಕೇಳಲಿಲ್ಲ. ಟ್ರಂಕು ಇಳಿಸಿ, ಸೆರಗಿನಿಂದ ಬೆವರು ಒರೆಸಿಕೊಂಡು ಅಲ್ಲೇ ನಿಂತಳು.

"ಒಂದ ಮಾತ ಕೇಳ್ತೀನ್ರಿ ಮಾಸ್ತರ್ರ. ಅವತ್ತ ನಾ ಕಣ್ಣ ಮುಚ್ಚಿದ್ದೆ. ನೀವು?"

"ಬಸ್ ಬಂತು" ಎಂದೆ.

ಬಸ್ಸು ಬಂದಿರಲಿಲ್ಲ. ಆ ಬಯಲುಸೀಮೆಯ ರಸ್ತೆ ನೆಟ್ಟಗೆ ಎರಡು ಮೈಲು ಕಾಣುತ್ತಿತ್ತು. ಅವಳೂ ಆ ಕಡೆ ನೋಡಿದಳು.